ತಿಪ್ಪೆಯೂ ಬೇಕು, ಚೀಲವೂ ಬೇಕು

2008ನೆಯ ಇಸವಿ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಮುಂಗಾರು ಬಿದ್ದ ಹೊಲಕ್ಕೆ ನಾಲ್ಕು ಚೀಲ ರಸಗೊಬ್ಬರ ಕೊಡಿರೆಂದು ಕೇಳಿದ್ದೇ ಅವರ ಅಪರಾಧ. ಹದಿನೇಳು ವರ್ಷಗಳ ತರುವಾಯ, 2025ರ ಮುಂಗಾರಿನಲ್ಲಿ, ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಯೂರಿಯಾಕ್ಕಾಗಿ ಬೆಳಗಿನ ಜಾವದಿಂದಲೇ ಸೊಸೈಟಿಗಳ ಮುಂದೆ ಸಾಲುಗಟ್ಟಿ ನಿಂತರು. ದೆಹಲಿಯ ಸರ್ಕಾರ ಬೆಂಗಳೂರಿನ ಸರ್ಕಾರವನ್ನು ದೂರಿತು, ಬೆಂಗಳೂರಿನ ಸರ್ಕಾರ ದೆಹಲಿಯನ್ನು ದೂರಿತು. ದೂರಿನಿಂದ ಪೈರು ಹಸಿರಾಗುವುದಿಲ್ಲ ಎಂಬುದು ಇಬ್ಬರಿಗೂ ತಿಳಿದದ್ದೇ.

ಹೀಗೆ ಚೀಲಕ್ಕೆ ಅಭಾವ ಬಂದಾಗಲೆಲ್ಲ ರೈತನಿಗೆ ಎರಡು ಕಡೆಯಿಂದ ಉಪದೇಶ ಸುರಿಯುತ್ತದೆ. ಒಂದು ಕಡೆಯವರು, ಇಷ್ಟು ಎಕರೆಗೆ ಇಷ್ಟು ಚೀಲ ಎಂದು ಪಟ್ಟಿ ಓದಿ ಹೇಳಿ, ಚೀಲ ಸಿಕ್ಕದಿದ್ದರೆ ಅದು ತಮ್ಮ ಇಲಾಖೆಯ ಸಂಗತಿಯಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು ಕಡೆಯವರು, ಚೀಲವೆಂದರೆ ವಿಷ, ಅದನ್ನು ಮುಟ್ಟಲೇಬೇಡಿ, ಒಂದು ನಾಟಿ ಹಸುವಿನ ಸಗಣಿ ಗಂಜಲ ಮೂವತ್ತು ಎಕರೆಗೆ ಸಾಕು ಎನ್ನುತ್ತಾರೆ. ಈ ಎರಡನೆಯ ಗುಂಪಿನಲ್ಲಿ ಸಜ್ಜನರು ಅನೇಕರಿದ್ದಾರೆ. ಅವರ ಕಳಕಳಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಅವರ ಲೆಕ್ಕವನ್ನು ಶಂಕಿಸದೆ ವಿಧಿಯಿಲ್ಲ.

ಈ ಲೆಕ್ಕವನ್ನು ಒಂದು ದೇಶ ತನ್ನ ಮೈಮೇಲೆಯೇ ಮಾಡಿ ನೋಡಿಕೊಂಡಿತು. 2021ರಲ್ಲಿ ಶ್ರೀಲಂಕಾದ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿತು. ಬದಲಿ ಗೊಬ್ಬರ ಎಲ್ಲಿಂದ ಬರಬೇಕು, ಅಷ್ಟು ದನಕರು ಎಲ್ಲಿವೆ, ಅಷ್ಟು ಸೊಪ್ಪು ಎಲ್ಲಿದೆ ಎಂದು ಯಾರೂ ಎಣಿಸಲಿಲ್ಲ. ಭತ್ತ ಬಿತ್ತು, ಚಹಾ ಬಿತ್ತು. ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದ್ವೀಪ ಹೊರಗಿನಿಂದ ಅಕ್ಕಿ ತರಿಸಿಕೊಳ್ಳಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡರು. ಆ ಸರ್ಕಾರಕ್ಕೆ ಬೇಕಾಗಿದ್ದದ್ದು ಭೂಮಿಯ ಆರೋಗ್ಯವೋ, ವಿದೇಶೀ ವಿನಿಮಯದ ಉಳಿತಾಯವೋ ಎಂಬ ಪ್ರಶ್ನೆ ಬೇರೆ. ಪೆಟ್ಟು ತಿಂದವನು ಮಾತ್ರ ಎಕರೆ ಎರಡೆಕರೆಯ ರೈತ.

ಹಾಗಾದರೆ ಚೀಲವನ್ನೇ ನಂಬಿ ಕೂರುವುದೆ? ಅದೂ ಅಲ್ಲ. ಇದನ್ನು ನಾವು ನಮ್ಮ ಬುದ್ಧಿಯಿಂದ ಹೇಳುತ್ತಿಲ್ಲ. ನಮ್ಮ ಕೆಂಪು ನೆಲವೇ ಹೇಳಿದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಖುಷ್ಕಿ ಭೂಮಿಯಲ್ಲಿ 1978ರಿಂದ ಒಂದು ಪ್ರಯೋಗ ನಡೆದು ಬಂದಿದೆ. ಅಲ್ಲಿಯ ಬೆಳೆ ನಮ್ಮ ರಾಗಿ. ನೀರು ಮಳೆಯ ನೀರು. ಒಂದು ತಾಕಿಗೆ ಏನೂ ಹಾಕುವುದಿಲ್ಲ. ಒಂದಕ್ಕೆ ಬರೀ ಚೀಲದ ಗೊಬ್ಬರ. ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ. ಮತ್ತೊಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವೂ ಅದರ ಜೊತೆಗೆ ಚೀಲದ್ದೂ. ಮೊದಲ ಕೆಲವು ವರ್ಷ ಬರೀ ಚೀಲದ ತಾಕು ಚೆನ್ನಾಗಿಯೇ ಬೆಳೆಯಿತು. ಬರಬರುತ್ತಾ ಅದರ ಇಳುವರಿ ಜಗ್ಗತೊಡಗಿತು. ಎರಡನ್ನೂ ಕೂಡಿಸಿ ಹಾಕಿದ ತಾಕು ಎಲ್ಲಕ್ಕಿಂತ ಮೇಲೆ ನಿಂತಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಹ ಉಳಿದವುಗಳಷ್ಟು ಕುಸಿಯಲಿಲ್ಲ. ಕೊಟ್ಟಿಗೆ ಗೊಬ್ಬರದ ಜೊತೆಗೆ ಶಿಫಾರಸಿನ ಅರ್ಧದಷ್ಟೇ ಚೀಲ ಹಾಕಿದ ತಾಕಿನ ಫಸಲೂ ಪೂರ್ತಿ ಹಾಕಿದ್ದರ ಸಮೀಪಕ್ಕೆ ಬಂತು ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಬಡವನ ಜೇಬಿಗೆ ಸಂಬಂಧಿಸಿದ ಮಾತು ಇದು.

ಕೊಯಮತ್ತೂರಿನಲ್ಲಿ ಇಂಥದೇ ಹೊಲ 1909ರಿಂದ ಇದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ಡಿನಲ್ಲಿ 1843ರಿಂದ ಗೋಧಿ ಬಿತ್ತುತ್ತಲೇ ಇದ್ದಾರೆ. ಆ ಇಂಗ್ಲೆಂಡಿನ ಹೊಲವನ್ನು ಆರಂಭಿಸಿದ ಜಾನ್ ಬೆನೆಟ್ ಲಾಸ್ ಎಂಬಾತ ಸ್ವತಃ ಸೂಪರ್ ಫಾಸ್ಫೇಟಿನ ತಯಾರಕ. 1842ರಲ್ಲಿ ಅದರ ಹಕ್ಕುಪತ್ರ ಪಡೆದವನು. ಚೀಲ ಮಾರುವವನೇ ನಡೆಸಿದ ಪರೀಕ್ಷೆಯಲ್ಲಿಯೂ ತಿಪ್ಪೆ ಸೋಲಲಿಲ್ಲ! ಒಂದು ಶತಮಾನಕ್ಕೂ ಮಿಕ್ಕಿ ಅಲ್ಲಿ ಕೊಟ್ಟಿಗೆ ಗೊಬ್ಬರದ ಪಟ್ಟಿಯೂ ಚೀಲದ ಗೊಬ್ಬರದ ಪಟ್ಟಿಯೂ ಹೆಚ್ಚುಕಡಿಮೆ ಸರಿಸಮವಾಗಿ ನಡೆದವು. ಹೊಸ ತಳಿಗಳು ಬಂದ ಮೇಲೆ ಎರಡನ್ನೂ ಕೂಡಿಸಿದ ಪಟ್ಟಿ ಮುಂದೆ ಹೋಯಿತು. ಲಾಸ್‌ನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇನ್ನೊಂದು ಕಾರಣಕ್ಕೆ ಅವನು ಬರುತ್ತಾನೆ.

ಕೂಡಿಸಿ ಹಾಕಿದರೆ ಏಕೆ ಮೇಲು? ಒಂದು ಎಕರೆಯ ಲೆಕ್ಕದಲ್ಲಿ ನೋಡೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟು. ಎಂದರೆ ಟನ್ನಿಗೆ 5 ಕೆ.ಜಿ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ 20 ಕೆ.ಜಿ.ಗೆ ಸ್ವಲ್ಪ ಮೇಲೆ. ಆದ್ದರಿಂದ ಒಂದು ಚೀಲ ಯೂರಿಯಾದ ಸಾರಜನಕವನ್ನು ತಿಪ್ಪೆಯಿಂದ ಕೊಡಬೇಕಾದರೆ 4 ಟನ್ ಗೊಬ್ಬರ ಹೊಡೆಯಬೇಕು. ಅರ್ಧ ಟನ್ನಿನ ಗಾಡಿಯಾದರೆ ಎಂಟು ಗಾಡಿ. ಒಂದನ್ನು ರೈತ ಹೆಗಲ ಮೇಲೆ ಹೊತ್ತು ತರುತ್ತಾನೆ. ಇನ್ನೊಂದಕ್ಕೆ ಎತ್ತು ಬೇಕು, ಗಾಡಿ ಬೇಕು, ತುಂಬುವ ಆಳು ಬೇಕು, ಹರಡುವ ಆಳು ಬೇಕು. ರೈತ ಸೋಮಾರಿಯಾಗಿ ಚೀಲ ಹಿಡಿದನೆಂದು ನಗರದ ಕುರ್ಚಿಯಲ್ಲಿ ಕೂತು ಬರೆಯುವವರು ಒಮ್ಮೆ ಈ ಎಂಟು ಗಾಡಿ ತುಂಬಿ ನೋಡಲಿ.

ಅಷ್ಟೂ ಹೊಡೆದರೂ ಮೊದಲ ವರ್ಷ ಪೈರಿಗೆ ದಕ್ಕುವುದು ಅದರಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ. ಉಳಿದದ್ದು ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತಾ ಎರಡನೆಯ ವರ್ಷಕ್ಕೆ, ಮೂರನೆಯ ವರ್ಷಕ್ಕೆ ಸಿಕ್ಕುತ್ತದೆ. ಈ ಮಾತನ್ನೂ ಓದುಗರು ಗಂಟು ಹಾಕಿಕೊಂಡಿರಲಿ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕೆ.ಜಿ. ಸಾರಜನಕ, ಎಂದರೆ ಎಕರೆಗೆ 20 ಕೆ.ಜಿ. ಬೇಕೆಂಬುದು ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿಯ ತೆನೆ ದೊಡ್ಡದಾಯಿತು. ಅದರ ಹಸಿವೂ ದೊಡ್ಡದಾಯಿತು. ತಿಪ್ಪೆಯೊಂದೇ ಆ ಹಸಿವನ್ನು ಸಕಾಲದಲ್ಲಿ ಹಿಂಗಿಸಲಾರದು.

ಆದರೆ ತಿಪ್ಪೆಯಲ್ಲಿ ಇರುವುದು ಸಾರಜನಕವೊಂದೇ ಅಲ್ಲ. ರಂಜಕ, ಪೊಟ್ಯಾಷ್ ಇವೆ. ಸತುವು, ಬೋರಾನ್‌ಗಳಂತಹ, ಚಿಟಿಕೆಯಷ್ಟೇ ಬೇಕಾದರೂ ಇಲ್ಲದಿದ್ದರೆ ಪೈರು ಏಳದಂತಹ ವಸ್ತುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಳಿತ ಸೊಪ್ಪು ಸದೆಯ ಕಪ್ಪು ಅಂಶವಿದೆ. ಅದು ಮಣ್ಣಿನ ಕಣಗಳನ್ನು ಬೆಸೆದು ಹದ ಮಾಡುತ್ತದೆ, ಬಿದ್ದ ಮಳೆಯನ್ನು ಹಿಡಿದಿಡುತ್ತದೆ. ನಮ್ಮ ಕೆಂಪು ಮಣ್ಣು ಮೂರು ದಿನ ಬಿಸಿಲು ಹೊಡೆದರೆ ಮೇಲೆ ಹೆಪ್ಪುಗಟ್ಟುವ ಜಾತಿಯದು. ಅದಕ್ಕೆ ಇದು ಅಮೃತ. ಮತ್ತೊಂದು ಸಂಗತಿ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣ. ಚೀಲದಿಂದ ಹಾಕಿದ ರಂಜಕದಲ್ಲಿ ಬಹುಪಾಲನ್ನು ಈ ಕಬ್ಬಿಣವೂ ಅದರ ಜೊತೆಗಿರುವ ಅಲ್ಯೂಮಿನಿಯಮ್ಮೂ ಬಿಗಿಯಾಗಿ ಹಿಡಿದುಕೊಂಡುಬಿಡುತ್ತವೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಸಾಹುಕಾರನ ತಿಜೋರಿಗೆ ಬಿದ್ದ ಹಣದ ಹಾಗೆ. ಸಗಣಿ ಗೊಬ್ಬರ ಕರಗುವಾಗ ಹುಟ್ಟುವ ಆಮ್ಲಗಳು ಆ ಹಿಡಿತವನ್ನು ಸಡಿಲಿಸುತ್ತವೆ. ಅದಕ್ಕೆಂದೇ ಸೂಪರ್ ಫಾಸ್ಫೇಟನ್ನು ನೇರವಾಗಿ ಹೊಲಕ್ಕೆ ಎರಚುವ ಬದಲು ತಿಪ್ಪೆಗುಂಡಿಯ ಪದರಗಳ ನಡುವೆ ಉದುರಿಸುತ್ತಾ ಬರುವುದು ಲೇಸು. ಹಾಗೆ ಮಾಡಿದರೆ ಗಾಳಿಗೆ ಹಾರಿಹೋಗುವ ಸಾರಜನಕವೂ ಸ್ವಲ್ಪ ಉಳಿಯುತ್ತದೆ. ಯೂರಿಯಾವನ್ನು ಮಾತ್ರ ಬೂದಿಯೊಡನೆಯಾಗಲಿ ಸುಣ್ಣದೊಡನೆಯಾಗಲಿ ಬೆರೆಸಬಾರದು. ಮೂಗಿಗೆ ಘಾಟು ಹೊಡೆಯುತ್ತಲೇ ಕೊಟ್ಟ ಹಣ ಆಕಾಶಕ್ಕೆ ಹೋಗುತ್ತದೆ. ಬರೀ ಯೂರಿಯಾವನ್ನೇ ವರ್ಷಗಟ್ಟಲೆ ಸುರಿದ ಕೆಂಪು ಮಣ್ಣು ಹುಳಿಯೇರುತ್ತದೆ ಎಂಬುದನ್ನೂ ಪ್ರಯೋಗಗಳು ತೋರಿಸಿವೆ.

ಗೊಬ್ಬರ ಕಳಿತಿರಬೇಕು. ಹಸಿ ಸಗಣಿ ಹಾಕಿದ ಹೊಲಕ್ಕೆ ಗೊಣ್ಣೆಹುಳು ಬರುವುದನ್ನು ನಮ್ಮ ಅಜ್ಜಂದಿರು ಬಲ್ಲವರಾಗಿದ್ದರು. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ ಉತ್ತು ಮುಚ್ಚಬೇಕು; ರಂಜಕ ಪೊಟ್ಯಾಷುಗಳನ್ನೂ ಅರ್ಧ ಸಾರಜನಕವನ್ನೂ ಬಿತ್ತುವಾಗ ಕೊಟ್ಟು, ಉಳಿದ ಅರ್ಧವನ್ನು ಕುಂಟೆ ಹೊಡೆದು ಕಳೆ ತೆಗೆದ ಮೇಲೆ, ತೇವ ನೋಡಿಕೊಂಡು ಕೊಡಬೇಕು. ಇಷ್ಟನ್ನು ಕೃಷಿ ಇಲಾಖೆಯ ಯಾವ ಕರಪತ್ರವಾದರೂ ಹೇಳುತ್ತದೆ. ನಮ್ಮ ತಕರಾರು ಕರಪತ್ರ ಹೇಳದೆ ಬಿಡುವ ಸಂಗತಿಯ ಬಗ್ಗೆ.

ಕರಪತ್ರದಲ್ಲಿ ಒಬ್ಬ ರೈತನ ಚಿತ್ರವಿರುತ್ತದೆ. ಅವನಿಗೆ ಸ್ವಂತ ಹೊಲವಿದೆ. ಕೊಟ್ಟಿಗೆಯಲ್ಲಿ ನಾಲ್ಕು ದನವಿವೆ. ಮನೆಯ ಹಿಂದೆ ಗುಂಡಿ ತೋಡಲು ಹಿತ್ತಿಲಿದೆ. ಈ ರೈತನನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಿದರೆ ಎಷ್ಟು ಮಂದಿ ಸಿಕ್ಕುತ್ತಾರೆ?

ಒಂದು ದನ ದಿನಕ್ಕೆ 10 ಕೆ.ಜಿ. ಹಸಿ ಸಗಣಿ ಹಾಕುತ್ತದೆಂದು ಇಟ್ಟುಕೊಂಡರೂ ವರ್ಷಕ್ಕೆ ಮೂರೂವರೆ ಟನ್ ಆಯಿತು. ಅದರಲ್ಲಿ ಮೇಯಲು ಹೋದಲ್ಲಿ ಬಿದ್ದದ್ದು ಕಳೆದು, ಉಳಿದದ್ದು ಒಣಗಿ ಕಳಿತು ಗೊಬ್ಬರವಾಗುವ ಹೊತ್ತಿಗೆ ಅರ್ಧವೂ ಉಳಿಯುವುದಿಲ್ಲ. ಹಾಸುಸೊಪ್ಪು ಹಾಕಿ ಗಂಜಲವನ್ನು ಹೀರಿಸಿಕೊಂಡರೆ ತೂಕ ಮತ್ತೆ ಏರುತ್ತದೆ, ನಿಜ. ಆದರೂ ಎಕರೆಗೆ ಎರಡು ಮೂರು ದನ ಬೇಕೇಬೇಕು. ಎರಡೆಕರೆಯ ರೈತ ಐದಾರು ದನವನ್ನು ಯಾವ ಹುಲ್ಲಿನ ಮೇಲೆ ಸಾಕಬೇಕು? 1966ರ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ದನಗಳಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ನಿಯಮ ಪುಸ್ತಕದಲ್ಲಿದೆ. ಗೋಮಾಳ ಎಲ್ಲಿದೆ ಎಂದು ಊರಿನ ದನಗಾಹಿ ಹುಡುಗನನ್ನು ಕೇಳಿ. ಒಂದಷ್ಟು ಭೂಮಿ ಇಲ್ಲದವರಿಗೆ ಹೋಯಿತು. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ, ಅದಕ್ಕಾಗಿ ಹೋರಾಡಿದವರು ನಾವೇ. ಆದರೆ ಎಷ್ಟು ಗೋಮಾಳ ಬಲಿಷ್ಠರ ಬೇಲಿಯೊಳಗೆ ಸೇರಿತು, ಎಷ್ಟರ ಮೇಲೆ ಬಡಾವಣೆ ಎದ್ದಿತು, ಎಷ್ಟರಲ್ಲಿ ಕಲ್ಲು ಗಣಿ ತೆರೆಯಿತು ಎಂಬ ಲೆಕ್ಕವನ್ನು ಗ್ರಾಮವಾರು ಪ್ರಕಟಿಸುವ ಧೈರ್ಯ ಯಾವ ಸರ್ಕಾರಕ್ಕಾದರೂ ಇದೆಯೆ?

ರೈತ ಸಗಣಿಯನ್ನು ಬೆರಣಿ ತಟ್ಟಿ ಸುಡುತ್ತಾನೆಂಬ ಆಪಾದನೆ ಬಹಳ ಹಳೆಯದು. ಬ್ರಿಟಿಷರ ಕಾಲದಲ್ಲಿ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞ ಇಲ್ಲಿಯ ಬೇಸಾಯವನ್ನು ಕಲಿಸಲೆಂದು ಬಂದು, ಊರೂರು ಸುತ್ತಿ, 1893ರಲ್ಲಿ ವರದಿ ಬರೆದ. ಭಾರತದ ರೈತ ಅಜ್ಞಾನದಿಂದ ಸಗಣಿ ಸುಡುವುದಿಲ್ಲ, ಸೌದೆ ಇಲ್ಲದೆ ಸುಡುತ್ತಾನೆ, ಸೌದೆ ಮೇವುಗಳಿಗಾಗಿ ಅವನಿಗೆ ಕಾಡು ಬೆಳೆಸಿ ಕೊಡಿ ಎಂಬುದು ಅವನ ಅಭಿಪ್ರಾಯದ ಸಾರ. ಕಾಡಿಗೆ ಬೇಲಿ ಹಾಕಿ, ಸಗಣಿ ಏಕೆ ಸುಟ್ಟೆ ಎಂದು ಕೇಳುವ ಆಡಳಿತದ ಸಂಬಳ ತಿನ್ನುತ್ತಿದ್ದವನೇ ಇಷ್ಟು ನಿಜ ಹೇಳಿದ. ಇಂದು ಒಲೆಗೆ ಅನಿಲ ಬಂದಿದೆ. ಎತ್ತಿನ ಬದಲು ಟ್ರ್ಯಾಕ್ಟರೂ ಬಂದಿದೆ. ಬೆರಣಿ ಕಡಿಮೆಯಾಯಿತು ಎನ್ನುವಷ್ಟರಲ್ಲಿ ಸಗಣಿಯೇ ಕಡಿಮೆಯಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ.

ಕಳೆದ ಸಂತೆಯ ದಿನ ನಮ್ಮ ಕಚೇರಿಗೆ ಒಬ್ಬ ರೈತ ಬಂಧು ಬಂದಿದ್ದರು. ಮೂರೆಕರೆ ಹೊಲವನ್ನು ವಾರಕ್ಕೆ ಮಾಡುತ್ತಾರೆ. ಒಡೆಯ ಊರಿನಲ್ಲಿಲ್ಲ, ಕಾಗದವೂ ಇಲ್ಲ. ಮನೆಯಲ್ಲಿ ಎರಡು ಹಸು, ಒಳ್ಳೆಯ ತಿಪ್ಪೆ ಇದೆ. ಆ ಗೊಬ್ಬರವನ್ನು ಮಾತ್ರ ವಾರದ ಹೊಲಕ್ಕೆ ಹೊಡೆಯದೆ ತೋಟದವರಿಗೆ ಮಾರುತ್ತಾರಂತೆ. ಏಕೆಂದು ಕೇಳಿದೆವು. "ಸ್ವಾಮಿ, ನಾನು ಈ ವರ್ಷ ಹೊಡೆದ ಗೊಬ್ಬರ ಮುಂದಿನ ವರ್ಷ ಯಾರ ಪೈರಿಗೆ?" ಎಂದರು.

ಕೃಷಿ ವಿಜ್ಞಾನದ ದೊಡ್ಡ ಗ್ರಂಥಗಳಲ್ಲಿ ಸಿಕ್ಕದ ಉತ್ತರ ಇದು. ತಿಪ್ಪೆಯ ಗೊಬ್ಬರ ಮೂರು ವರ್ಷ ಕೆಲಸ ಮಾಡುತ್ತದೆ. ವಾರದವನ ಮಾತು ಒಂದು ವರ್ಷದ್ದು. ಯೂರಿಯಾ ಹಾಕಿದರೆ ಹಾಕಿದ ಬೆಳೆಯಲ್ಲೇ ಫಲ ಕೈಗೆ ಬರುತ್ತದೆ. ಹೀಗಿರುವಾಗ ನಾಳೆ ಒಡೆಯ ಬಂದು ಬಿಡು ಎಂದರೆ ಬಿಡಬೇಕಾದ ಮನುಷ್ಯ ಚೀಲವನ್ನಲ್ಲದೆ ಇನ್ನೇನನ್ನು ಹಿಡಿಯುತ್ತಾನೆ? ಅವನಿಗೆ ಮಣ್ಣಿನ ಮೇಲೆ ಪ್ರೀತಿಯಿಲ್ಲ ಎನ್ನುವುದು ಅನ್ಯಾಯ. ಮಣ್ಣೇ ಅವನದಲ್ಲ. ಗುತ್ತಿಗೆಗೆ, ವಾರಕ್ಕೆ, ಉತ್ತರದ ಜಿಲ್ಲೆಗಳಲ್ಲಿ ಲಾವಣಿಗೆ ಮಾಡುವ ಪ್ರತಿಯೊಬ್ಬನ ಲೆಕ್ಕವೂ ಇದೇ.

1951ರಲ್ಲಿ ಕಾಗೋಡಿನ ಗೇಣಿದಾರರು ಅಳತೆಯ ಕೊಳಗದ ಮೋಸದ ವಿರುದ್ಧ ಎದ್ದು ನಿಂತಾಗ ಸಮಾಜವಾದಿಗಳು ಅವರ ಹೆಗಲಿಗೆ ಹೆಗಲು ಕೊಟ್ಟರು. ಉಳುವವನೇ ಹೊಲದೊಡೆಯನಾಗಬೇಕೆಂಬ ಆ ಕೂಗು 1974ರ ತಿದ್ದುಪಡಿಯವರೆಗೆ ಹರಿದು ಬಂತು; ಗೇಣಿಯ ಭೂಮಿ ಸರ್ಕಾರದ ವಶವಾಗಿ ಗೇಣಿದಾರನ ಕೈಗೆ ಬಂತು. ಅದು ನಮ್ಮ ಹೆಮ್ಮೆ. ಆದರೆ ಹೆಮ್ಮೆಯ ನೆಪದಲ್ಲಿ ಕಣ್ಣು ಮುಚ್ಚಿಕೊಳ್ಳುವುದು ಸಲ್ಲದು. ಅದೇ ಕಾನೂನು ಸೈನಿಕರು ನಾವಿಕರಂತಹ ಕೆಲವರನ್ನು ಬಿಟ್ಟು ಉಳಿದವರು ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಂತಿತೆ? ಕಾಗದದಿಂದ ಇಳಿದು ಬಾಯಿಮಾತಿಗೆ ಹೋಯಿತು, ಅಷ್ಟೆ. ಪಹಣಿಯ ಸಾಗುವಳಿದಾರನ ಕಲಮಿನಲ್ಲಿ ಒಡೆಯನ ಹೆಸರೇ ಇರುತ್ತದೆ. ಆದ್ದರಿಂದ ಉಳುವವನಿಗೆ ಬೆಳೆ ಸಾಲವಿಲ್ಲ. 2015ರಲ್ಲಿ ಆರಂಭವಾದ ಮಣ್ಣು ಪರೀಕ್ಷೆಯ ಕಾರ್ಡು ಬಂದರೂ ಅದು ಒಡೆಯನ ಹೆಸರಿಗೆ. ಮಣ್ಣಿನ ರೋಗ ಒಬ್ಬನ ಕೈಯಲ್ಲಿ, ಔಷಧದ ಚೀಟಿ ಇನ್ನೊಬ್ಬನ ಜೇಬಿನಲ್ಲಿ!

ಹಾಗೆಂದು ನಿಷೇಧವನ್ನು ಕಿತ್ತೊಗೆದು ಗೇಣಿಯನ್ನು ಮುಕ್ತ ಮಾಡಿಬಿಡಿ ಎಂಬವರ ಮಾತಿಗೆ ನಾವು ತಲೆದೂಗುವುದಿಲ್ಲ. 2016ರಲ್ಲಿ ದೆಹಲಿಯ ನೀತಿ ಆಯೋಗ ಇಂತಹದೊಂದು ಮಾದರಿ ಮಸೂದೆಯನ್ನು ಮುಂದಿಟ್ಟಿತು. ಒಡೆಯನ ಒಡೆತನಕ್ಕೆ ಎಲ್ಲ ಭದ್ರತೆ. ಗೇಣಿದಾರನಿಗೆ ಕರಾರಿನಲ್ಲಿ ಏನು ಗೀಚಿದ್ದರೆ ಅದು. ಆಂಧ್ರದವರು 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯಿದೆ ಮಾಡಿ ಕಾರ್ಡು ಕೊಟ್ಟರು. ಸಾಲಕ್ಕೂ ಬೆಳೆ ಪರಿಹಾರಕ್ಕೂ ದಾರಿ ತೆರೆಯುವ ಉದ್ದೇಶ ಅದಕ್ಕಿದ್ದುದರಿಂದ ಒಂದು ಹೆಜ್ಜೆ ಮುಂದೆ ಎನ್ನಬಹುದು. ಆದರೆ ಆ ಕರಾರಿನ ಅವಧಿ 11 ತಿಂಗಳು, ಅದೂ ಒಡೆಯ ರುಜು ಹಾಕಲು ಒಪ್ಪಿದರೆ. ಹನ್ನೊಂದು ತಿಂಗಳ ಒಡೆತನಕ್ಕೆ ಮೂರು ವರ್ಷದ ಗೊಬ್ಬರ ಬೀಳುವುದೆ?

ಇಲ್ಲಿ ಮತ್ತೆ ಲಾಸ್ ಬರುತ್ತಾನೆ. ಜಮೀನುದಾರರೇ ತುಂಬಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು 1883ರಲ್ಲಿ ಒಂದು ಕಾಯಿದೆ ಮಾಡಿತು. ಗೇಣಿದಾರ ಹೊಲ ಬಿಟ್ಟು ಹೋಗುವಾಗ, ಅವನು ಕೊಂಡು ತಂದು ಹಾಕಿದ ಗೊಬ್ಬರದಲ್ಲಿ ಇನ್ನೂ ಮಣ್ಣಿನಲ್ಲಿ ಉಳಿದಿರುವ ಸತ್ವಕ್ಕೆ ಒಡೆಯ ಹಣ ಕಟ್ಟಿಕೊಡಬೇಕೆಂಬುದು ಅದರಲ್ಲಿಯ ಒಂದು ಮುಖ್ಯ ಅಂಶ. ದನಕ್ಕೆ ಕೊಂಡು ತಿನ್ನಿಸಿದ ಹಿಂಡಿಗೂ ಲೆಕ್ಕ ಉಂಟು. ಏಕೆಂದರೆ ಆ ಹಿಂಡಿಯ ಸತ್ವ ಸಗಣಿಯ ಮೂಲಕ ಹೊಲ ಸೇರಿರುತ್ತದೆ. ಎಷ್ಟು ಉಳಿದಿದೆ ಎಂದು ಅಳೆಯುವುದು ಹೇಗೆ? ಲಾಸ್ ಮತ್ತು ಅವನ ಸಂಗಡಿಗ ಗಿಲ್ಬರ್ಟ್ ತಮ್ಮ ಹೊಲದ ದಶಕಗಳ ಅನುಭವದಿಂದ ಯಾವ ಮೇವಿನಿಂದ ಬಂದ ಗೊಬ್ಬರದ ಬೆಲೆ ಎಷ್ಟು, ವರ್ಷ ವರ್ಷಕ್ಕೆ ಅದರಲ್ಲಿ ಎಷ್ಟು ಕಳೆಯಬೇಕು ಎಂಬ ಕೋಷ್ಟಕಗಳನ್ನು ಹಾಕಿಕೊಟ್ಟರು. ಮಣ್ಣಿನೊಳಗೆ ಹೂತ ಶ್ರಮಕ್ಕೆ ಬೆಲೆ ಕಟ್ಟಲಾಗದು ಎನ್ನುವವರಿಗೆ ಇದು ಉತ್ತರ. 1978ರಿಂದ ರಾಗಿ ಹೊಲವನ್ನು ಅಳೆದಿರುವ ನಮ್ಮ ವಿಜ್ಞಾನಿಗಳು ಇಂಥದೊಂದು ಕೋಷ್ಟಕವನ್ನು ನಾಳೆಯೇ ಬರೆದುಕೊಡಬಲ್ಲರು. ಕೇಳುವ ಸರ್ಕಾರ ಬೇಕು.

ಚೀಲದ ಬೆಲೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಮಣ್ಣು ಕೆಡಲು ಅದೂ ಕಾರಣ. 2010ಕ್ಕೆ ಮುಂಚೆ 50 ಕೆ.ಜಿ.ಯ ಯೂರಿಯಾ ಚೀಲ ಸುಮಾರು ₹241, ಪೊಟ್ಯಾಷ್ ಚೀಲ ಸುಮಾರು ₹223 ಇತ್ತು. ಆ ವರ್ಷದ ಏಪ್ರಿಲಿನಿಂದ ಪೋಷಕಾಂಶ ಆಧಾರಿತ ಸಹಾಯಧನವೆಂಬ ಹೊಸ ಪದ್ಧತಿ ತಂದರು. ಯೂರಿಯಾವನ್ನು ಅದರ ಹೊರಗಿಟ್ಟು, ರಂಜಕ ಪೊಟ್ಯಾಷುಗಳ ಬೆಲೆಯನ್ನು ಕಂಪನಿಗಳ ಕೈಗೆ ಬಿಟ್ಟರು. ಯೂರಿಯಾ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2022ರಲ್ಲಿ ಡಿ.ಎ.ಪಿ. ಚೀಲ ₹1,350, ಪೊಟ್ಯಾಷ್ ₹1,700 ಮುಟ್ಟಿತು. ಫಲವೇನು? ದೇಶದಲ್ಲಿ ಸಾರಜನಕ, ರಂಜಕ, ಪೊಟ್ಯಾಷುಗಳ ಬಳಕೆಯ ಪ್ರಮಾಣ 2009-10ರಲ್ಲಿ 4.3 : 2 : 1 ಇದ್ದದ್ದು 2012-13ರ ಹೊತ್ತಿಗೆ 8.2 : 3.2 : 1ಕ್ಕೆ ತಿರುಗಿತು. ಸಮತೋಲನಕ್ಕೆಂದು ತಂದ ಪದ್ಧತಿಯೇ ತಕ್ಕಡಿಯನ್ನು ಮುರಿಯಿತು. 2018ರಲ್ಲಿ ಯೂರಿಯಾ ಚೀಲವನ್ನು 45 ಕೆ.ಜಿ.ಗೆ ಇಳಿಸಿದರು. ಬೆಲೆಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆನ್ನುವುದನ್ನು ನಾವು ನ್ಯಾಯವಾಗಿ ಒಪ್ಪುತ್ತೇವೆ. ಆದರೆ ಚೀಲ ಎಣಿಸಿ ಹಾಕುವ ರೈತ ತನಗೆ ಅರಿವಿಲ್ಲದೆಯೇ 5 ಕೆ.ಜಿ. ಕಡಿಮೆ ಹಾಕಿಯಾನು ಎಂಬುದು ಅದರ ಹಿಂದಿನ ಯೋಚನೆ. ರೈತನಿಗೆ ತಿಳಿಸಿ ಹೇಳುವುದಕ್ಕಿಂತ ತಿಳಿಯದಂತೆ ಮಾಡುವುದು ಸುಲಭ ಎಂದು ದೆಹಲಿಯವರು ಎಣಿಸಿದ್ದಾರೆ.

ಪಟ್ಟಣದ ಕಸದಿಂದ ಗೊಬ್ಬರ ಮಾಡಿ ಹಳ್ಳಿಗೆ ಕಳಿಸುವ ಮಾತೂ ಆಗಾಗ ಕೇಳಿಬರುತ್ತದೆ. ಈ ವಿದ್ಯೆ ನಮಗೆ ಹೊಸತಲ್ಲ. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕಾಂಪೋಸ್ಟ್ ಪದ್ಧತಿ 'ಬೆಂಗಳೂರು ವಿಧಾನ'ವೆಂದು ಹೆಸರಾಯಿತು. ಕಸದ ಪದರ, ಮಲದ ಪದರ, ಮೇಲೆ ಮಣ್ಣಿನ ಮುಚ್ಚಳ. ಆ ಮಲವನ್ನು ತಲೆಯ ಮೇಲೆ ಹೊತ್ತು ತಂದು ಸುರಿದವರು ಯಾರೆಂದು ಮಾತ್ರ ಆ ಕಾಲದ ಪ್ರಶಸ್ತಿಪತ್ರಗಳು ಹೇಳಲಿಲ್ಲ. ಅಂತಹ ಗೊಬ್ಬರ ನಮಗೆ ಬೇಡ. ಈಗ ಬೇಕಾದದ್ದು ಮನೆಯಲ್ಲೇ ಬೇರೆ ಮಾಡಿದ ಹಸಿ ಕಸದ ಗೊಬ್ಬರ. ಗಾಜಿನ ಚೂರು, ಪ್ಲಾಸ್ಟಿಕ್ಕು, ಬ್ಯಾಟರಿಯ ಸೀಸವಿಲ್ಲದ್ದು. 2016ರಲ್ಲಿ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್ನಿಗೆ ₹1,500 ಸಹಾಯಧನ ಘೋಷಿಸಿತು. ಕಂಪನಿಗೆ ಹಣ ಕೊಡುವುದು ಅದಕ್ಕೆ ಹೊಳೆಯಿತು; ತಿಪ್ಪೆ ಬಾಚುವ ಹೆಂಗಸಿಗೆ ಕೊಡುವುದು ಹೊಳೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳಗಾಗೆದ್ದು ಸಗಣಿ ಬಾಚಿ, ಮಂಕರಿಯಲ್ಲಿ ಹೊತ್ತು, ತಿಪ್ಪೆಗೆ ಸುರಿಯುವವರು ಹೆಂಗಸರು. ಉಳ್ಳವರ ಕೊಟ್ಟಿಗೆಯಲ್ಲಿ ಅದೇ ಕೆಲಸ ಮಾಡುವವರು ದಲಿತರು, ಅವರ ಮಕ್ಕಳು. ಯೂರಿಯಾ ಕಾರ್ಖಾನೆಗೆ ಸಂದಾಯವಾಗುವ ಸಹಾಯಧನದ ಒಂದು ಸಣ್ಣ ಪಾಲು ಈ ಮಂಕರಿಗೆ ಏಕೆ ಸಲ್ಲಬಾರದು?

ನಮ್ಮ ಬೇಡಿಕೆಗಳು ಸ್ಪಷ್ಟ. ಬೇರೆಯವರ ಭೂಮಿಯನ್ನು ಉಳುವ ಪ್ರತಿಯೊಬ್ಬನ ಹೆಸರೂ, ಒಡೆಯನ ರುಜು ಇರಲಿ ಬಿಡಲಿ, ಗ್ರಾಮಸಭೆಯ ಸಾಕ್ಷಿಯ ಮೇಲೆ ದಾಖಲಾಗಬೇಕು. ಸಾಗುವಳಿ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಭದ್ರವಾಗಿರಬೇಕು. ಅದಕ್ಕೆ ಮುಂಚೆ ಬಿಡಿಸಿದರೆ ಮಣ್ಣಿನಲ್ಲಿ ಉಳಿದ ಗೊಬ್ಬರಕ್ಕೆ ಬೆಲೆ ಕಟ್ಟಿಕೊಡಬೇಕು. ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಹೊಡೆದ ಸಣ್ಣ ರೈತನಿಗೂ ಗೇಣಿದಾರನಿಗೂ ಗಾಡಿಯ ಲೆಕ್ಕದಲ್ಲಿ ಸಹಾಯಧನ ಬೇಕು. ರಂಜಕ ಪೊಟ್ಯಾಷುಗಳ ಬೆಲೆ ಯೂರಿಯಾದ ಬೆಲೆಗೆ ತಕ್ಕ ಪ್ರಮಾಣದಲ್ಲಿರಬೇಕು, ಅದನ್ನು ಸರ್ಕಾರವೇ ಗೊತ್ತು ಮಾಡಬೇಕು. ಅತಿಕ್ರಮಣವಾದ ಗೋಮಾಳದ ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸಬೇಕು. ತೆರವನ್ನು ದೊಡ್ಡವರ ಬೇಲಿಯಿಂದ ಆರಂಭಿಸಬೇಕು, ಗುಡಿಸಲಿನಿಂದಲ್ಲ. ಬೇಸಗೆಯಲ್ಲಿ ಕೆರೆಯ ಗೋಡು ತೆಗೆದಾಗ ಟ್ರ್ಯಾಕ್ಟರು ಉಳ್ಳವರಿಗೇ ಮೊದಲ ಪಾಲು ಹೋಗುವ ಪದ್ಧತಿ ನಿಲ್ಲಬೇಕು.

ಇದರಲ್ಲಿ ಮೊದಲನೆಯ ಬೇಡಿಕೆಯನ್ನು ಮಂಡಿಸಲು ಅಂಕಿಅಂಶ ಬೇಕು. ಸರ್ಕಾರದ ಬಳಿ ಅದಿಲ್ಲ, ಇರುವುದು ಅದಕ್ಕೆ ಇಷ್ಟವೂ ಇಲ್ಲ. ಆದ್ದರಿಂದ ತಾಲ್ಲೂಕು ಸಮಿತಿಗಳ ಸಂಗಾತಿಗಳಿಗೆ ಈ ವಾರದಿಂದಲೇ ಒಂದು ಕೆಲಸ ಒಪ್ಪಿಸುತ್ತಿದ್ದೇವೆ. ನಿಮ್ಮ ಊರಿನಲ್ಲಿ ಬಾಯಿಮಾತಿನ ಮೇಲೆ ವಾರಕ್ಕೋ ಗುತ್ತಿಗೆಗೋ ಸಾಗುವಳಿಯಾಗುತ್ತಿರುವ ಭೂಮಿ ಎಷ್ಟು ಎಕರೆ, ಅದರಲ್ಲಿ ಕಳೆದ ಮೂರು ವರ್ಷಗಳಲ್ಲಿ ಒಮ್ಮೆಯಾದರೂ ತಿಪ್ಪೆಯ ಗೊಬ್ಬರ ಕಂಡದ್ದು ಎಷ್ಟು ಎಕರೆ, ಇವೆರಡನ್ನು ಮಾತ್ರ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಉಳುವವರ ಹೆಸರು ಬೇಡ; ಹೆಸರು ಹೊರಬಿದ್ದರೆ ಹೊಲ ಬಿಡಬೇಕಾದೀತು. ಬಿತ್ತನೆ ಆರಂಭವಾಗುವುದಕ್ಕೆ ಮುಂಚೆ ಪಟ್ಟಿಗಳು ನಮ್ಮ ಕಚೇರಿಗೆ ತಲುಪಲಿ. ಊರೂರಿನ ಲೆಕ್ಕವನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.